ಶೇಂಗಾ ಒಡೆದು ನೋಡುವವರಿಗೆ

ಚಳ್ಳಕೆರೆ
ಜುಲೈ 2001

ಶೇಂಗಾ ವ್ಯಾಪಾರಿಗಳಾದ ಶಶಿಕಾಂತ್ ಅವರಿಗೆ, ನಿಮ್ಮ ಮಗಳು ತ್ರಿವೇಣಿಯ ಒಂದನೇ ತರಗತಿಯ ಶಿಕ್ಷಕಿಯ ನಮಸ್ಕಾರ.

ನಿನ್ನೆ ನೀವು ತರಗತಿಗೆ ನುಗ್ಗಿ, ಮಕ್ಕಳು ನೆಲದ ಮೇಲೆ ಸಾಲಾಗಿ ಜೋಡಿಸಿದ್ದ ಬೀಜಗಳನ್ನು ಚಪ್ಪಲಿಯಲ್ಲೇ ಸರಿಸಿ, "ಮಗ್ಗಿ ಕಲಿಸ್ರಿ ಅಂದ್ರೆ ಆಟ ಆಡಿಸ್ತೀರಲ್ರಿ" ಎಂದಿರಿ. ಆಮೇಲೆ ತ್ರಿವೇಣಿಯನ್ನು ಬೆಂಚಿನ ಮೇಲೆ ನಿಲ್ಲಿಸಿ ಹತ್ತರವರೆಗೆ ಮಗ್ಗಿ ಹೇಳಿಸಿದಿರಿ. ಒಂದೂ ತಪ್ಪಿಲ್ಲ. ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. ಶಾಲೆಗೆ ಫ್ಯಾನು ಕೊಡಿಸಿದವರ ಮಗಳು ಕೆಮ್ಮಿದರೂ ಅವರು ತಟ್ಟುತ್ತಾರೆ.

ನಾನು ಒಂದು ಶೇಂಗಾ, ಎರಡು ಹುಣಸೆಬೀಜ, ಮತ್ತೆ ಒಂದು ಶೇಂಗಾ, ಎರಡು ಹುಣಸೆಬೀಜ ಇಟ್ಟು, ಮುಂದೆ ಏನಿಡಬೇಕು ಎಂದು ಕೇಳಿದೆ. ತ್ರಿವೇಣಿ ಬೀಜಗಳನ್ನು ನೋಡಲಿಲ್ಲ, ನಿಮ್ಮ ಮುಖ ನೋಡಿದಳು. ನೀವು "ಹೇಳೇ" ಎಂದು ಗದರಿದಿರಿ. ಅವಳು ಕೈಕಟ್ಟಿಕೊಂಡು "ಎರಡೊಂದ್ಲ ಎರಡು" ಎಂದು ಶುರುಮಾಡಿದಳು.

ಮಾರುಕಟ್ಟೆಯಲ್ಲಿ ನೀವು ನಾಲ್ಕು ಕಾಯಿ ಒಡೆದು ಕಾಳು ನೋಡದೆ ಯಾರ ಮೂಟೆಗೂ ಬೆಲೆ ಕಟ್ಟುವುದಿಲ್ಲವಂತೆ. ಮಗಳ ವಿಷಯದಲ್ಲಿ ಮಾತ್ರ ನಿಮಗೆ ಸಿಪ್ಪೆಯ ಸದ್ದೇ ಸಾಕಾಯಿತು. ಮಂಡಿಯವರು ನೋಡಿದ್ದರೆ ನಕ್ಕಿರುತ್ತಿದ್ದರು.

ನನ್ನನ್ನು ಮೊಳಕಾಲ್ಮೂರಿಗೆ ವರ್ಗಾಯಿಸಲು ಅರ್ಜಿ ಕೊಟ್ಟಿದ್ದೀರಂತೆ. ಸಂತೋಷ. ಮೊಳಕಾಲ್ಮೂರಿನಲ್ಲೂ ಹುಣಸೆಮರಗಳಿವೆ.

ಆದೇಶ ಬರುವವರೆಗೆ ಒಂದು ಕೋರಿಕೆ. ಮಗಳನ್ನು ಬಿಡಲು ಬಂದಾಗ ಗೇಟಿನ ಹೊರಗೇ ನಿಲ್ಲಿ. ನಿನ್ನೆ ನೀವು ಹೊರಟ ಮೇಲೂ ತ್ರಿವೇಣಿ ಬೆಂಚಿನ ಮೇಲೇ ನಿಂತಿದ್ದಳು. "ಅಪ್ಪ ಹೋದ್ರಾ ಟೀಚರ್?" ಎಂದು ಕೇಳಿದಳು. ಹೋದರು ಎಂದೆ. ಇಳಿದು ಬಂದು ಒಂದು ಶೇಂಗಾ ಇಟ್ಟಳು, ಅದರ ಪಕ್ಕ ಎರಡು ಹುಣಸೆಬೀಜ.

ಇತಿ,
ಲಕ್ಷ್ಮೀದೇವಿ