ಗುಂಡಿಲ್ಲದ ಕೋವಿಗೆ ಬೆಚ್ಚಿದವಳು

ಡುಬಾಯ್ಸ್, ವಯೋಮಿಂಗ್
ಆಗಸ್ಟ್ 11

ಮುದ್ದಿನ ಮ್ಯಾರೆನ್,

ಸಮಸ್ತ ಬಂಧುಬಾಂಧವರಿಗೆ ಈ ಮೂಲಕ ಘೋಷಿಸುವುದೇನೆಂದರೆ, ನಿನ್ನ ತಾಯಿಯ ಬಲಭುಜವು ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಅಧಿಕೃತವಾಗಿ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಅಭಿನಂದಿಸುವವರು ದಯಮಾಡಿ ಎಡಭುಜವನ್ನೇ ತಟ್ಟತಕ್ಕದ್ದು.

ಕಾರಣ ನಿನಗೆ ಗೊತ್ತು. ಇಪ್ಪತ್ತೆರಡು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೂ ಚೀಟಿ ಎತ್ತಿದಾಗ ನನ್ನ ಹೆಸರಿಗೆ ಬಂತಲ್ಲ, ಬೆಟ್ಟದ ಟಗರಿನ ಪರವಾನಗಿ. ಒಂದೇ ಟಗರು. ಇದು ಕೆಟ್ಟರೆ ಈ ಜನ್ಮದಲ್ಲಿ ಇನ್ನೊಂದಿಲ್ಲ. ಸೆಪ್ಟೆಂಬರ್ ಒಂದಕ್ಕೆ ಬೇಟೆ ಶುರು. ಅಷ್ಟರೊಳಗೆ ನಾನು ಈ .300 ಮ್ಯಾಗ್ನಮ್ ಎಂಬ ದೊಡ್ಡ ಗುಂಡಿನ ಹೊಸ ಕೋವಿ-ಕತ್ತೆಯನ್ನು ಪಳಗಿಸಬೇಕು. ಕತ್ತೆ ಎಂದದ್ದು ತಪ್ಪು. ಕತ್ತೆಯಾದರೆ ಒದೆಯುವ ಮುಂಚೆ ಕಿವಿಯನ್ನಾದರೂ ಹಿಂದಕ್ಕೆ ಮಡಿಸುತ್ತದೆ.

ಐನೂರು ಗಜ ದೂರದಲ್ಲಿ, ಪೈ ಬೇಯಿಸುವ ತಟ್ಟೆಯಷ್ಟು ಅಗಲದ ಉಕ್ಕಿನ ಬಿಲ್ಲೆ ನೇತುಹಾಕಿದ್ದೇನೆ. ಜುಲೈಯಿಂದ ನಲವತ್ತು ಗುಂಡು ಹಾರಿಸಿದೆ. ಏಳು ಸಲ ಠಣ್ ಎಂದಿತು. ಉಳಿದವನ್ನು ಗುಡ್ಡ ನುಂಗಿ ನೀರು ಕುಡಿಯಿತು. ಮೊದಲು ಗಾಳಿಯನ್ನು ಬೈದೆ. ಆಮೇಲೆ ಕೋವಿಯ ಮೇಲಿನ ದುರ್ಬೀನು ಬಿಚ್ಚಿ ಮತ್ತೆ ಕೂರಿಸಿದೆ. ಗುಂಡಿನ ಡಬ್ಬಿಯನ್ನೂ ಬದಲಿಸಿದೆ. ಪಕ್ಕದ ದನದ ರಾಂಚಿನ ಡೆಲ್ಮರ್ ಕಾಫಿ ಹೀರುತ್ತ ಕೂತಿದ್ದ.

"ಗಾಳಿ ಎಲ್ಲಿದೆ ವರ್ನಾ? ನನ್ ಕಾಫಿ ಹಬೆ ನೆಟ್ಟಗೆ ಮೇಲಕ್ಕೆ ಹೋಗ್ತಿದೆ ನೋಡು" ಎಂದ.

ಕಣಿವೆಯಲ್ಲಿದೆ, ಇಲ್ಲಲ್ಲ ಎಂದೆ.

"ಹೌದೌದು, ನೀನು ಗುರಿ ಇಟ್ಟಾಗ ಮಾತ್ರ ಬರುತ್ತೆ. ಬಲು ಮರ್ಯಾದಸ್ಥ ಗಾಳಿ."

ಇವತ್ತು ಆ ಕಿರಾತಕ, "ಕೊಡು, ಗುಂಡು ನಾನ್ ತುಂಬ್ತೀನಿ, ನೀನು ಭುಜ ಉಜ್ಕೋ" ಎಂದು ಉಪಕಾರಕ್ಕೆ ಬಂದ. ನನಗೆ ಕಾಣದಂತೆ ನಡುವೆ ಒಂದು ಮದ್ದಿಲ್ಲದ ಹುಸಿ ಗುಂಡು ಸೇರಿಸಿದ. ಮೊದಲನೆಯದು ಢಂ ಎಂದಿತು. ಎರಡನೆಯದಕ್ಕೆ ಟ್ರಿಗರ್ ಒತ್ತಿದೆ. ಟಿಕ್. ಸದ್ದಿಲ್ಲ, ಒದೆತವಿಲ್ಲ. ಆದರೂ ಕೋವಿಯ ನಳಿಗೆ, ನೀರಿಗೆ ಮುಳುಗುವ ಬಾತುಕೋಳಿಯಂತೆ ತಲೆ ಬಗ್ಗಿಸಿತು. ಒದೆತ ಬಂದೀತೆಂದು ನನ್ನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದವು.

"ಅಯ್ಯೋ ವರ್ನಾ, ಗುಂಡಿಲ್ಲದ ಕೋವಿಗೂ ಇಷ್ಟೊಂದು ಹೆದರ್ತಾರಾ?"

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ನಗು ನಿಲ್ಲಿಸಿ, "ಟಗರಿಗೂ ಹೀಗೇ ಹೊಡೆದ್ರೆ ಅದು ಸಾಯಲ್ಲ ಕಣಮ್ಮ. ಹೊಟ್ಟೇಲಿ ಗುಂಡು ಇಟ್ಕೊಂಡು ಮೂರು ದಿನ ಬಂಡೆ ಹತ್ತುತ್ತೆ" ಎಂದ. ಕೋವಿಯನ್ನು ಚೀಲಕ್ಕೆ ತುರುಕಿ ಮನೆಗೆ ಬಂದೆ.

ಕ್ರಿಸ್‌ಮಸ್ಸಿಗೆ ನನ್ನ ಹಳೆಯ ಆರೂವರೆ ಮಿಲಿಮೀಟರ್ ಕೋವಿಯನ್ನು ನಿನಗೆ ಉಡುಗೊರೆ ಕೊಟ್ಟಾಗ, "ಅಮ್ಮಾ, ಇದು ನಿನ್ ಕೈಗೆ ಒಗ್ಗಿರೋದು, ನಂಗ್ಯಾಕೆ?" ಎಂದು ನೀನು ಕೇಳಿದ್ದೆ. ಸಣ್ಣ ಗುಂಡು, ಆಟಿಕೆ, ದೊಡ್ಡ ಪ್ರಾಣಿಗೆ ಸಾಲದು ಎಂದು ನಾನು ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಸದರಿ ಭಾಷಣವನ್ನು ಈ ಮೂಲಕ ಹಿಂಪಡೆಯಲಾಗಿದೆ.

ಎಡಗೈಯಲ್ಲಿ ಸಹಿ ಹಾಕುತ್ತಿರುವ
ನಿನ್ನ ಅಮ್ಮ, ವರ್ನಾ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ಅಕ್ಟೋಬರಿನಲ್ಲಿ ಎಲ್ಕ್ ಜಿಂಕೆಗೆ ಗುರಿ ತಪ್ಪಿತು ಎಂದಿದ್ದೆನಲ್ಲ, ತಪ್ಪಿರಲಿಲ್ಲ. ಆ ಆರೂವರೆಯಲ್ಲೇ ಆರುನೂರು ಗಜದಿಂದ ಹೊಡೆದೆ. ಅದು ಬೆನ್ನು ಗೂನು ಮಾಡಿಕೊಂಡು ಕಾಡಿಗೆ ನುಗ್ಗಿತು. ರಕ್ತದ ಹನಿ ಹಿಡಿದು ಎರಡು ದಿನ ಹುಡುಕಿದೆ. ಸಿಗಲಿಲ್ಲ. ಮುನ್ನೂರು ಗಜದಾಚೆ ನಾನು ಅದುವರೆಗೆ ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಆದರೂ ತಪ್ಪನ್ನು ಗುಂಡಿನ ಗಾತ್ರದ ಮೇಲೆ ಹೊರಿಸಿ, ಕೋವಿಯನ್ನು ನಿನಗೆ ದಾಟಿಸಿದೆ. ಈ ಸಲ ಟಗರಿನ ಮುನ್ನೂರು ಗಜದೊಳಗೆ ತೆವಳಿಯಾದರೂ ಹೋಗುತ್ತೇನೆ. ಆಗದಿದ್ದರೆ ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ಶನಿವಾರ ಬರುವಾಗ ಆ ಕೋವಿ ತಾ. ಡೆಲ್ಮರ್ ಗೇಟಿನಲ್ಲೇ ಕೂತಿರುತ್ತಾನೆ. ದಯವಿಟ್ಟು ಕಂಬಳಿಯಲ್ಲಿ ಸುತ್ತಿ ತಾ.