ಹುಳುಮನೆಯ ಕಿಟಕಿ ಮತ್ತು ನಿಮ್ಮ ಹಸಿರು ಚೌಕ

ವಾಯು ಗುಣಮಟ್ಟದ ಮುನ್ಸೂಚನೆ ಕೊಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಂಪ್ಯೂಟರ್ ನಮ್ಮೂರ ಗಾಳಿ ‘ಉತ್ತಮ’ ಎಂದಿತು. ನಂಬಿ ಹುಳುಮನೆಯ ಕಿಟಕಿ ತೆರೆದೆ. ರೇಷ್ಮೆ ಹುಳುಗಳೆಲ್ಲ ಸತ್ತವು. ನನ್ನ ದೂರು ಇಷ್ಟೇ. ಮಿಕ್ಕಿದ್ದು ನಿಮ್ಮ ಕಚೇರಿ ಹೇಳಿದ ಸಮಾಧಾನದ ಕಥೆ.

ನಾವು ಚಿಂತಾಮಣಿ ತಾಲ್ಲೂಕಿನವರು, ಅಂಬಾಜಿದುರ್ಗದ ಬಳಿ ಹುಳು ಸಾಕುತ್ತೇವೆ. ಹುಳುಮನೆಯ ಹತ್ತಿರ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿ ಬಂದರೆ ಬೀಗರನ್ನೂ ಬಾಗಿಲಲ್ಲೇ ನಿಲ್ಲಿಸುತ್ತೇವೆ. ಇಂಥ ಮಡಿಯವರ ಬೆನ್ನಿಗೆ ಜಲ್ಲಿ ಕ್ರಷರ್ ಬಂದು ಕೂತಿದೆ. ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಹುಳುವಿಗೆ ಸೊಪ್ಪಿನಷ್ಟೇ ಗಾಳಿಯೂ ಬೇಕು. ಕಿಟಕಿ ಮುಚ್ಚಿದರೆ ಬೇಯುತ್ತವೆ, ತೆರೆದರೆ ಧೂಳು. ಅತ್ತ ದರಿ, ಇತ್ತ ಪುಲಿ. ಅದಕ್ಕೇ ದಿನಾ ಮೊಬೈಲಿನಲ್ಲಿ ನಿಮ್ಮ ನಕ್ಷೆ ನೋಡುವ ಚಟ ಹತ್ತಿಸಿಕೊಂಡೆ. ಅಂದು ನಕ್ಷೆಯಲ್ಲಿ ನಮ್ಮೂರಿರುವ ಚೌಕ ಹಸಿರಾಗಿತ್ತು, ಅಂದರೆ ‘ಉತ್ತಮ’.

“ಹಸಿರು ತೋರ್ಸವ್ರಾ? ಹಂಗಾದ್ರೆ ತೆಗಿಯಮ್ಮ, ಬೇಯ್ತಾವೆ ಪಾಪ,” ಎಂದರು ನಮ್ಮತ್ತೆ ವೆಂಕಟರತ್ನಮ್ಮ. ತೆರೆದೆ. ಸಂಜೆಗೆ ಸೊಪ್ಪಿನ ಮೇಲೆಲ್ಲ ಬೂದಿ ಬಣ್ಣ. ಹುಳು ಮೇವು ಬಿಟ್ಟವು, ತಟ್ಟೆಯಲ್ಲೇ ಕಪ್ಪಾದವು. ಬಳಿದು ಗುಂಡಿಗೆ ಹಾಕುವಾಗ ಅತ್ತೆ, “ನಾನೇ ತೆಗಿ ಅಂದೆ ಕಣಮ್ಮ” ಎಂದು ಅತ್ತರು. ನನಗೂ ಅಳು ಬಂತು, ನಿಮ್ಮ ಮೇಲೆ ಸಿಟ್ಟೂ ಬಂತು.

ಆ ದಿನದ ಲೆಕ್ಕ ಕೇಳಲು ನಿಮ್ಮ ಕಚೇರಿಗೆ ಬಂದೆ. “ಎಲ್ಲಾ ವೆಬ್‌ಸೈಟಲ್ಲೇ ಇದೆಯಲ್ಲ ಮೇಡಂ, ಯಾರು ಬೇಕಾದ್ರೂ ತಗೋಬಹುದು,” ಎಂದರು ನಿಮ್ಮ ಸಿಬ್ಬಂದಿ. ಇಡೀ ದಕ್ಷಿಣ ಭಾರತದ ಗಾಳಿಯನ್ನು ಒಂದೇ ಫೈಲಿಗೆ ತುಂಬಿಟ್ಟಿದ್ದೀರಿ, ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ತೆರೆಯಲೇ ಇಲ್ಲ. ಬಾವಿಗೆ ಬೀಗವಿಲ್ಲ, ಹಗ್ಗವನ್ನೂ ಇಟ್ಟಿಲ್ಲ. ಕಡೆಗೆ ಚಿಂತಾಮಣಿಯ ಕಾಲೇಜು ಮೇಷ್ಟ್ರು ಭಾನುಪ್ರಕಾಶ್ ತೆರೆದು ತೋರಿಸಿದರು. ಚೌಕವೊಂದಕ್ಕೆ ಒಂದೇ ಅಂಕಿ. ಬೆಟ್ಟ, ಕೆರೆ, ಅಷ್ಟೂ ಹಳ್ಳಿಯ ಹೊಲ ಸೇರಿ ಸರಾಸರಿಯಲ್ಲಿ ನಾವು ಶುದ್ಧ. ಕ್ರಷರ್ ಮಾತ್ರ ಲೆಕ್ಕದಲ್ಲೇ ಇಲ್ಲ! ಮತ್ತೆ ಬಂದು ಹೇಳಿದರೆ, “ಅದು ಬರೀ ಅಂದಾಜು ಮೇಡಂ, ಅದನ್ನ ನಂಬ್ಕೊಂಡು ಕಿಟಕಿ ತೆಗೀತಾರಾ?” ಎಂಬ ಉಪದೇಶ ಸಿಕ್ಕಿತು.

ಸರಿ, ಅಂದಾಜೇ ಇರಲಿ. ಹಾಗಾದರೆ ನಿಮ್ಮದೇ ಕಚೇರಿಯ ಇನ್ನೊಂದು ಮೇಜಿನ ಮೇಲೆ, ಆ ಕ್ರಷರ್‌ನ ಪರವಾನಗಿ ನವೀಕರಣದ ಕಡತದಲ್ಲಿ, ಅದೇ ಅಂಕಿ ‘ವೈಜ್ಞಾನಿಕ ಪುರಾವೆ’ಯಾಗಿ ಕೂತದ್ದು ಹೇಗೆ? ನನಗೆ ಅಂದಾಜು, ಅವರಿಗೆ ಆಧಾರವೇ? ಆ ನವೀಕರಣಕ್ಕೆ ನಾನು ಕೊಟ್ಟ ಆಕ್ಷೇಪಣೆಯನ್ನು ‘ದತ್ತಾಂಶವಿಲ್ಲ’ ಎಂದು ತಿರುಗಿಸಿ ಕಳಿಸಿದ್ದೀರಿ. ದತ್ತಾಂಶವೆಲ್ಲ ನಿಮ್ಮ ಬಳಿ, ಅದರಲ್ಲಿ ಕ್ರಷರ್ ಇಲ್ಲ. ಇಲ್ಲದ ಕ್ರಷರ್‌ನ ಧೂಳನ್ನು ನಾನು ಎಲ್ಲಿಂದ ತಂದು ತೋರಿಸಲಿ?

ಕ್ರಷರ್ ಸೇರಿಸಿ ಮತ್ತೆ ಲೆಕ್ಕ ಹಾಕಿ. ನಮ್ಮೂರಿನ ಅಂಕಿಯನ್ನು ಓದಲು ಬರುವ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಹಚ್ಚಿ. ಅಲ್ಲಿಯವರೆಗೆ ಆ ಹಸಿರನ್ನು ಪುರಾವೆಯೆಂದು ಒಪ್ಪಬೇಡಿ. ಹೊಸ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ನಾಡಿದ್ದು ಏಳುತ್ತವೆ. ಅತ್ತೆ ಈಗ ಹುಳುಮನೆಯ ಕಡೆ ಸುಳಿಯುವುದಿಲ್ಲ. ಕಿಟಕಿ ತೆರೆಯಲೋ ಮುಚ್ಚಲೋ, ಈ ಸಲ ನೀವೇ ಬರೆದು, ಕೆಳಗೆ ರುಜು ಹಾಕಿ ಕಳಿಸಿ.

ಇಂತಿ,
ಸರಾಸರಿಯಲ್ಲಿ ಕ್ಷೇಮವಾಗಿರುವ
ಅನಸೂಯಮ್ಮ