ದೇವಮ್ಮ ಇಟ್ಟ ಹೆಸರು

೧೨-೨-೧೯೫೯, ಗುರುವಾರ. ಕಡಬ.

ಬೆಳಗ್ಗಿನಿಂದ ಅಮ್ಮನ ಮಾತೇ ಕಿವಿಯಲ್ಲಿತ್ತು: "ಹಿಂದೂ ಹೆಂಗಸು ನೀರು ಸುರಿದರೆ ಜ್ಞಾನಸ್ನಾನ ಆಗುದುಂಟಾ? ಮಗುವನ್ನು ಸಿಮೆತ್ರಿಯ ಹೊರಗೇ ಹೂಳಬೇಕಷ್ಟೆ." ನಿನ್ನೆ ಹುಟ್ಟಿದ ನಮ್ಮ ಮಗಳು ಉಸಿರಿಗೆ ಒದ್ದಾಡುವಾಗ ಸೂಲಗಿತ್ತಿ ದೇವಮ್ಮ ತಲೆಗೆ ನೀರು ಸುರಿದು, ಇಂಥ ಹೊತ್ತಿಗೆಂದು ಪಾದ್ರಿಗಳು ಕಲಿಸಿಟ್ಟಿದ್ದ ಜ್ಞಾನಸ್ನಾನದ ಮಾತು ಹೇಳಿದ್ದಳು. ಮಗು ಉಳಿಯಲಿಲ್ಲ.

ಪಾದ್ರಿಗಳನ್ನು ಕೊನೆಗೆ ಅಮ್ಮನೇ ಕೇಳಿದಳು. "ಆ ನೀರು ಧಾರಾಳ ಸಾಕು. ಯಾರೂ ಸುರಿಯದಿದ್ದರೂ ದೇವರು ಆ ಕೂಸನ್ನು ಹೊರಗೆ ನಿಲ್ಲಿಸುವವನಾ?" ಎಂದರು.

ಸಿಮೆತ್ರಿಯ ಒಳಗೆ, ಅಪ್ಪನ ಸಮಾಧಿಯ ಪಕ್ಕದಲ್ಲೇ ಮಲಗಿಸಿ ಬಂದೆವು. ಎದೆ ಹಗುರಾಗಿದೆ. ಬಾಣಂತಿ ಇವಳೂ ಈಗಷ್ಟೇ ನಿದ್ದೆ ಹೋದಳು.

ಶಿಲುಬೆಯ ಮೇಲೆ ಹೆಸರು ಬರೆಯಬೇಕು. ನೀರು ಸುರಿಯುವಾಗ ಒಂದು ಹೆಸರು ಬೇಕಲ್ಲ, ಗಾಬರಿಯಲ್ಲಿ ದೇವಮ್ಮ ತನ್ನ ತಾಯಿಯದನ್ನೇ ಇಟ್ಟುಬಿಟ್ಟಿದ್ದಳು: ದುಗ್ಗಮ್ಮ. ಬೇರೆ ಬರೆಯಲಾ ಎಂದು ಕೇಳಿದೆ.

"ಬೇಡ ಮಗಾ," ಎಂದಳು ಅಮ್ಮ. "ದೇವರು ಆ ಹೆಸರಲ್ಲೇ ಕರೆದಾಯಿತಲ್ಲ."